ಅರೆ-ಸ್ವಯಂಚಾಲಿತ ರೈಫಲ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಅಧ್ಯಕ್ಷರೆ, ಹಿರಿಯ ಗುರಿಕಾರರೆ, ಈ ಸಲ ಹೊಸದಾಗಿ ಸೇರಿರುವ ಗೆಳೆಯರೆ,

ಆಮಂತ್ರಣದಲ್ಲಿ ನನ್ನ ಮಾತಿಗೆ ‘ಆಯ್ಕೆ, ಜೋಡಣೆ, ತರಬೇತಿ’ ಎಂದು ಹೆಸರಿಟ್ಟಿದ್ದಾರೆ. ಆ ಕ್ರಮಕ್ಕೆ ನನ್ನ ತಕರಾರಿದೆ. ತರಬೇತಿಯನ್ನು ಕೊನೆಗಿಟ್ಟರೆ ಅದು ಕೊನೆಗೇ ಉಳಿದುಬಿಡುತ್ತದೆ. ರೇಂಜಿನಲ್ಲಿ ದಿನಾ ಕಾಣುವುದೇ ಇದು: ಹೊಸಬರು ಬರುತ್ತಾರೆ, ಕೈಯಲ್ಲಿ ಒಳ್ಳೆಯ ರೈಫಲ್, ಅದರ ಮೇಲೆ ರೈಫಲ್‌ಗಿಂತ ದುಬಾರಿ ಸ್ಕೋಪ್ (ಗುರಿ ನೋಡುವ ದುರ್ಬೀನು), ಕೆಳಗೆ ಬೈಪಾಡ್ ಎಂಬ ಎರಡು ಕಾಲಿನ ಆಸರೆ, ಪಕ್ಕದಲ್ಲಿ ಟಾರ್ಚು. ಹಗಲು ಹನ್ನೊಂದು ಗಂಟೆಗೆ ಟಾರ್ಚು! ಚೀಲ ಬಿಚ್ಚಿದರೆ ತೋಟೆ ಮಾತ್ರ ಒಂದೇ ಪೆಟ್ಟಿಗೆ. ನಾನು ಹೇಳಲು ಬಂದಿರುವುದು ಇಷ್ಟೇ: ದುಡ್ಡನ್ನು ಲೋಹಕ್ಕೆ ಸುರಿಯಬೇಡಿ, ತೋಟೆಗೆ ಸುರಿಯಿರಿ. ಇವತ್ತು ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಈ ಬಗೆಯ ರೈಫಲ್ ಎಲ್ಲ ಕಡೆಯೂ ಎಲ್ಲರಿಗೂ ಸಿಗುವಂಥದ್ದಲ್ಲ. ಬ್ರಿಟನ್ 1988ರಲ್ಲಿ .22 ರಿಮ್‌ಫೈರ್ (ಸಣ್ಣ, ಕಡಿಮೆ ಶಕ್ತಿಯ ತೋಟೆ) ಒಂದನ್ನು ಬಿಟ್ಟು ಮಿಕ್ಕ ಅರೆ-ಸ್ವಯಂಚಾಲಿತ ರೈಫಲ್‌ಗಳನ್ನು ನಿಷೇಧಿಸಿತು. ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ ಹಗ್ಗ ಬಿಗಿ ಮಾಡಿದವು. ಮೂರೂ ಕಡೆ ಅದರ ಹಿಂದೆ ಸಾಮೂಹಿಕ ಹತ್ಯೆಯ ನೋವಿದೆ. ಆದ್ದರಿಂದ ನೀವು ಇರುವ ನೆಲದ ಪರವಾನಗಿ ಏನು ಹೇಳುತ್ತದೋ ಅದೇ ನಿಮ್ಮ ಆಯ್ಕೆಯ ಮೊದಲ ಪುಟ. ಕ್ಯಾಟಲಾಗು ಆಮೇಲೆ.

ಈಗ ಯಂತ್ರಕ್ಕೆ ಬರೋಣ. ಕುದುರೆ, ಅಂದರೆ ಟ್ರಿಗರ್, ಒಂದು ಸಲ ಎಳೆದರೆ ಒಂದೇ ಗುಂಡು. ಆದರೆ ಗುಂಡು ನಳಿಗೆಯೊಳಗೆ ಓಡುವಾಗ ಅದರ ಹಿಂದಿನ ಬಿಸಿ ಅನಿಲದಲ್ಲಿ ಒಂದು ಪಾಲು ಸಣ್ಣ ತೂತಿನಿಂದ ಪಕ್ಕಕ್ಕೆ ಹೋಗುತ್ತದೆ. ಆ ಒತ್ತಡವೇ ಬೋಲ್ಟನ್ನು (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಹಿಂದಕ್ಕೆ ದೂಡಿ, ಖಾಲಿ ಕೇಸನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ತೋಟೆ ತುಂಬಿಟ್ಟ ಮ್ಯಾಗಜೀನಿನಿಂದ ಮುಂದಿನ ತೋಟೆ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಹೋಗಿ ಕೂರುತ್ತದೆ. ಎಲ್ಲ ರೈಫಲ್‌ಗಳೂ ಅನಿಲದಿಂದಲೇ ನಡೆಯುತ್ತವೆ ಎಂದಲ್ಲ, .22ರ ಬಹುಪಾಲು ಬರೀ ಹಿಂದೊದೆತದಿಂದಲೇ ಕೆಲಸ ಮಾಡುತ್ತವೆ. ಫಲ ಒಂದೇ.

ಹೇಳಿದಷ್ಟು ಸುಲಭವಾಗಿ ಇದು ಆಗಲಿಲ್ಲ. ಮೆಕ್ಸಿಕೋದ ಮೊಂಡ್ರಾಗೋನ್ ವಿನ್ಯಾಸ ಮಾಡಿದ ರೈಫಲನ್ನು ಅಲ್ಲಿನ ಸೇನೆ 1908ರಲ್ಲೇ ಒಪ್ಪಿಕೊಂಡಿತ್ತು, ತಯಾರಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಇಡೀ ಸೇನೆಯ ಕೈಗೆ ಕೊಡಬಹುದಾದ ಗಟ್ಟಿ ಸರಕು ಬಂದದ್ದು ಜಾನ್ ಗಾರಂಡ್ ಅವರಿಂದ. ಕೆನಡಾದಲ್ಲಿ ಹುಟ್ಟಿದ ಮನುಷ್ಯ. 1919ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ ಸೇರಿ, 1936ರಲ್ಲಿ ಅವರ ಎಂ1 ರೈಫಲ್ ಅಂಗೀಕಾರವಾಗುವವರೆಗೆ ಅದನ್ನೇ ಕೆತ್ತುತ್ತ, ತಿದ್ದುತ್ತ ಕೂತರು. ಪೇಟೆಂಟ್ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು, ರಾಯಧನ ಬರಲಿಲ್ಲ. ಅವರ ಹೆಸರು ಇನ್ನೊಂದು ಕಾರಣಕ್ಕೂ ಉಳಿದಿದೆ. ಎಂಟು ತೋಟೆಗಳ ಕ್ಲಿಪ್ಪನ್ನು ಮೇಲಿನಿಂದ ಒತ್ತಿ ಕೂರಿಸಿದ ಕೂಡಲೇ ಬೋಲ್ಟು ಮುಂದಕ್ಕೆ ಹಾರುತ್ತದೆ. ಹೆಬ್ಬೆರಳು ಅಲ್ಲೇ ಇದ್ದರೆ ಉಗುರು ನೀಲಿ. ‘ಗಾರಂಡ್ ಹೆಬ್ಬೆರಳು’ ಅಂತಲೇ ಅದಕ್ಕೆ ಹೆಸರು. ಪಾಪ, ಅಷ್ಟು ವರ್ಷ ದುಡಿದದ್ದಕ್ಕೆ ಸಿಕ್ಕ ಬಿರುದು.

ಈ ಯಂತ್ರದ ಗುಣ ಯಾವುದೋ ಅದೇ ಅದರ ಅಪಾಯ. ಬೋಲ್ಟ್-ಆಕ್ಷನ್ ರೈಫಲಿನಲ್ಲಿ ಮುಂದಿನ ತೋಟೆ ನೀವಾಗಿ ಹಾಕಿದರೆ ಮಾತ್ರ ಒಳಗೆ ಹೋಗುತ್ತದೆ. ಇಲ್ಲಿ ನೀವು ಹೊಡೆದು, ಉಸಿರು ಬಿಟ್ಟು, ‘ಆಹಾ’ ಎಂದು ತಲೆ ಎತ್ತುವಷ್ಟರಲ್ಲಿ ಅದು ಮತ್ತೆ ಸಿದ್ಧವಾಗಿ ಕೂತಿದೆ. ಖಾಲಿ ಮಾಡುವ ಕ್ರಮ ಅದಕ್ಕೇ ಮುಖ್ಯ: ನಳಿಗೆ ಗುರಿಯ ಕಡೆಗೇ ಇರಲಿ, ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಬೋಲ್ಟ್ ಹಿಂದಕ್ಕೆ, ಆಮೇಲೆ ಚೇಂಬರಿನೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ತಡವಿ. ತಿರುವುಮುರುವು ಮಾಡಿ, ಮೊದಲು ಬೋಲ್ಟ್ ಎಳೆದು ಬಿಟ್ಟಿರೋ, ಒಂದು ತೋಟೆ ಹೊರಗೆ ಬಿತ್ತು, ಇನ್ನೊಂದು ಒಳಗೆ ಹೋಯಿತು. ಆಮೇಲೆ ಮ್ಯಾಗಜೀನ್ ತೆಗೆದು ‘ಖಾಲಿ’ ಎನ್ನುತ್ತೀರಿ. ಖಾಲಿ ಇಲ್ಲ ಸ್ವಾಮಿ. ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ತಲೆಯಾಡಿಸುತ್ತಿದ್ದಾರೆ, ಅವರಿಗೆ ಗೊತ್ತು.

ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ಪ್ರಚಾರಕ್ಕೆ ತಂದ ನಾಲ್ಕು ಸುರಕ್ಷತಾ ನಿಯಮ ನಿಮಗೆ ಬಾಯಿಪಾಠ ಎಂದು ಗೊತ್ತು. ನಾನು ಮೂರನೆಯದನ್ನು ಮಾತ್ರ ನೆನಪಿಸುತ್ತೇನೆ: ರೈಫಲಿನ ಸೈಟು ಗುರಿಯ ಮೇಲೆ ನೆಲೆಸುವವರೆಗೆ ಬೆರಳು ಕುದುರೆಯ ಹೊರಗೆ. ರೈಫಲ್ ಮುಂದಿನ ಗುಂಡಿಗೆ ತಾನೇ ಸಿದ್ಧವಾಗುತ್ತದೆ. ಬೆರಳನ್ನು ಹೊರಗಿಡುವ ಕೆಲಸ ಮಾತ್ರ ನಿಮ್ಮದೇ.

ಇನ್ನು ನನ್ನ ಹಳೇ ಕಥೆ. ಕೇಳಿದವರು ಮತ್ತೆ ಕೇಳಿ.

ಒಬ್ಬ ಹುಡುಗ ಬಂದ, ಬುದ್ಧಿವಂತ, ಓದಿಕೊಂಡವನು. ‘ಸರ್, ನನ್ನ ರೈಫಲ್ ಕೆಳಕ್ಕೆ ಹೊಡೆಯುತ್ತೆ.’ ಸ್ಕೋಪ್ ಬದಲಾಯಿಸಿದ್ದ, ಅದನ್ನು ಹಿಡಿಯುವ ರಿಂಗ್ ಬದಲಾಯಿಸಿದ್ದ, ತೋಟೆಯ ಬ್ರಾಂಡ್ ಬದಲಾಯಿಸಿದ್ದ. ನಳಿಗೆ ಬದಲಾಯಿಸಬೇಕಾ ಎಂದು ಕೇಳಲು ಬಂದಿದ್ದ. ನಾನು ಆ ರೈಫಲಿನಲ್ಲಿ ಐದು ಹೊಡೆದು ತೋರಿಸಬಹುದಿತ್ತು. ಆದರೆ ಹಾಗೆ ತೋರಿಸಿದರೆ ಕಲಿಯುವವನಿಗೆ ಅವಮಾನವಾಗುತ್ತದೆಯೇ ಹೊರತು ಏನೂ ತಿಳಿಯುವುದಿಲ್ಲ. ಬದಲಿಗೆ ‘ಮ್ಯಾಗಜೀನ್ ನಾನು ತುಂಬಿಕೊಡುತ್ತೇನೆ’ ಎಂದೆ. ಅವನು ಆ ಕಡೆ ನೋಡುವಾಗ ನಡುವೆ ಒಂದು ಡಮ್ಮಿ ಸೇರಿಸಿದೆ: ಮದ್ದಿಲ್ಲದ, ಉರಿಯದ ತೋಟೆ. ಒಂದು, ಎರಡು ಗುಂಡು ಹಾರಿದವು. ಮೂರನೆಯದಕ್ಕೆ ‘ಟಿಕ್’. ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆಯ ತುದಿ ನೆಲದ ಕಡೆ ಮುಗ್ಗರಿಸಿತು, ಹೆಗಲು ಮುಂದಕ್ಕೆ ನುಗ್ಗಿತು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಒದೆತಕ್ಕೆ ಮೊದಲೇ ಹೆದರಿ ಅವನೇ ನಳಿಗೆಯನ್ನು ಕೆಳಕ್ಕೆ ತಳ್ಳುತ್ತಿದ್ದ. ಅಷ್ಟಾದರೂ ತಿರುಗಿ, ‘ಸರ್, ಈ ತೋಟೆ ಸರಿಯಿಲ್ಲ’ ಎಂದ. ‘ಸರಿಯಿಲ್ಲ ಅಂತಲೇ ಹಾಕಿದ್ದು’ ಎಂದೆ. ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಅವನೇ ಜೋರಾಗಿ ನಕ್ಕ. ನಗಲು ಬಂದವನು ಕಲಿಯುತ್ತಾನೆ. ಅವನು ನಳಿಗೆಗೆಂದು ಎತ್ತಿಟ್ಟಿದ್ದ ದುಡ್ಡು ಅಷ್ಟೂ ತೋಟೆಗೆ ಹೋಯಿತು. ಈಗ ಅವನೇ ಬೇರೆಯವರ ಮ್ಯಾಗಜೀನಿಗೆ ಡಮ್ಮಿ ಹಾಕುತ್ತಾನೆ, ನನ್ನದಕ್ಕೂ ಒಂದು ಸಲ ಹಾಕಿದ. ಫಲಿತಾಂಶ ಇಲ್ಲಿ ಹೇಳುವುದಿಲ್ಲ.

ಈಗ ಆಯ್ಕೆ. ಕಾನೂನು ಬಿಡುವುದಾದರೆ ಮೊದಲನೆಯದು .22 ಆಗಿರಲಿ. ರೂಗರ್ 10/22 ಎಂಬ ರೈಫಲ್ 1964ರಲ್ಲಿ ಮಾರುಕಟ್ಟೆಗೆ ಬಂತು, ಇವತ್ತಿಗೂ ಇಳಿದಿಲ್ಲ. ಕಾರಣ ಸೊಗಸಲ್ಲ. ಅದರ ಗುಂಡು ಅಗ್ಗ, ಒದೆತ ಇಲ್ಲವೆನ್ನುವಷ್ಟು ಕಡಿಮೆ, ತಪ್ಪು ಮಾತ್ರ ದೊಡ್ಡ ರೈಫಲಿನಷ್ಟೇ ಸ್ಪಷ್ಟವಾಗಿ ಹಲಗೆಯ ಮೇಲೆ ಕಾಣುತ್ತದೆ. ಆಮೇಲೆ ದೊಡ್ಡದಕ್ಕೆ ಹೋಗುವವರು ಚೇಂಬರಿನ ಗುರುತು ಓದಿ. .223 ರೆಮಿಂಗ್ಟನ್ ಮತ್ತು 5.56 ತೋಟೆಗಳು ಹೊರಗೆ ನೋಡಲು ಒಂದೇ. 5.56ಕ್ಕೆಂದು ಕೊರೆದ ಚೇಂಬರಿನಲ್ಲಿ .223 ಹೊಡೆಯಬಹುದು; .223ಕ್ಕೆಂದೇ ಕೊರೆದದ್ದರಲ್ಲಿ 5.56 ಹಾಕಿದರೆ ಒತ್ತಡ ಮಿತಿ ಮೀರಬಹುದು. ಅಂಗಡಿಯವನು ‘ನಡೆಯುತ್ತೆ ಸರ್’ ಎಂದರೆ ನಂಬಬೇಡಿ, ನಳಿಗೆಯ ಮೇಲೆ ಕೊರೆದದ್ದನ್ನು ನಂಬಿ.

ನಳಿಗೆಯೊಳಗಿನ ಸುರುಳಿಯೂ (ಗುಂಡನ್ನು ತಿರುಗಿಸುವ ಗೀರುಗಳು) ಗುಂಡಿಗೆ ಹೊಂದಬೇಕು. ಅಮೆರಿಕದ ಸೇನೆಯ ಮೊದಲಿನ ಎಂ16 ರೈಫಲಿನಲ್ಲಿ ಸುರುಳಿ 12 ಅಂಗುಲಕ್ಕೊಂದು ಸುತ್ತು, ಗುಂಡು 55 ಗ್ರೇನ್ (ಗುಂಡಿನ ತೂಕದ ಅಳತೆ). ಉದ್ದನೆಯ 62 ಗ್ರೇನ್ ಗುಂಡು ಬಂದಾಗ ಅದನ್ನು 7 ಅಂಗುಲಕ್ಕೆ ಇಳಿಸಿದರು. ಉದ್ದ ಗುಂಡಿಗೆ ವೇಗದ ಸುತ್ತು ಬೇಕು, ಇಲ್ಲದಿದ್ದರೆ ಅದು ಗಾಳಿಯಲ್ಲಿ ತೊನೆದು ಹಲಗೆಗೆ ಅಡ್ಡಡ್ಡ ಬಡಿಯುತ್ತದೆ.

ಒಂದೇ ಒಂದು ಬಿಡಿಭಾಗಕ್ಕೆ ದುಡ್ಡು ಹಾಕಲು ನಾನು ಒಪ್ಪುತ್ತೇನೆ: ಟ್ರಿಗರ್. ಸೇನೆಯ ಮಾದರಿಯ ಟ್ರಿಗರ್ ಎಳೆಯಲು ಎರಡೂವರೆಯಿಂದ ನಾಲ್ಕು ಕೆಜಿ ಬೇಕು, ರೈಫಲಿನ ತೂಕವೇ ಅಷ್ಟಿರುತ್ತದೆ. ಜೋಡಣೆ ಗನ್‌ಸ್ಮಿತ್ (ಬಂದೂಕು ದುರಸ್ತಿ ಮಾಡುವವರು) ಕೈಯಲ್ಲೇ ಆಗಲಿ, ಅಡಿಗೆಮನೆಯ ಮೇಜಿನ ಮೇಲೆ ಬೇಡ. ಜೋಡಣೆಯ ಬಗ್ಗೆ ನನಗೆ ಇಷ್ಟೇ ಹೇಳುವುದಿದೆ. ಅದು ಆಮಂತ್ರಣದಲ್ಲಿ ಮೂರನೇ ಒಂದು ಪಾಲು, ನನಗೆ ಗೊತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಜೀರೋ ಮಾಡುವುದು, ಅಂದರೆ ಸ್ಕೋಪು ತೋರಿಸುವ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸುವುದು: ಮೂರು ಗುಂಡು ಹೊಡೆದು ನಾಣ್ಯದಷ್ಟು ಗುಂಪು ಬಂತೆಂದು ಫೋಟೋ ತೆಗೆಯುವವರು ದಯವಿಟ್ಟು ಹತ್ತು ಹೊಡೆಯಿರಿ. ಅದೇ ರೈಫಲ್, ಅದೇ ಕೈ, ಹತ್ತರ ಗುಂಪು ಸರಾಸರಿಯಲ್ಲಿ ಮೂರರದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಅಗಲ. ಅದು ರೈಫಲ್ ಕೆಟ್ಟದ್ದಲ್ಲ, ಲೆಕ್ಕವೇ ಹಾಗೆ. ಗುಂಪಿನ ನಡುವನ್ನು ನೋಡಿ ಸ್ಕೋಪ್ ತಿರುಗಿಸಿ. ಕಾಲು ಮಿನಿಟಿನ (ಇದು ಕೋನದ ಮಿನಿಟು, ಗಡಿಯಾರದ್ದಲ್ಲ) ಒಂದು ಕ್ಲಿಕ್ 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್. ಸ್ಕೋಪು ನಳಿಗೆಗಿಂತ ಆರೇಳು ಸೆಂಟಿಮೀಟರ್ ಮೇಲಿರುವ ರೈಫಲ್ಲಾದರೆ, ದೂರಕ್ಕೆ ಜೀರೋ ಮಾಡಿದ್ದು ಹತ್ತಿರದ ಹಲಗೆಗೆ ಅಷ್ಟೇ ಸುಮಾರಿಗೆ ಕೆಳಗೆ ಬಡಿಯುತ್ತದೆ. ಮತ್ತೆ ನನ್ನ ಹತ್ತಿರ ಬಂದು ‘ಕೆಳಕ್ಕೆ ಹೊಡೆಯುತ್ತೆ’ ಎನ್ನಬೇಡಿ.

ಮನೆಯ ಅಭ್ಯಾಸ: ತೋಟೆಗಳು ಬೇರೆ ಕೋಣೆಯಲ್ಲಿ, ರೈಫಲ್ ಎರಡು ಸಲ ನೋಡಿ ಖಾಲಿ, ಗುರಿಯ ಹಿಂದೆ ಗಟ್ಟಿ ಗೋಡೆ. ನಳಿಗೆಯ ತುದಿಗೆ ಒಂದು ನಾಣ್ಯ ಇಟ್ಟು ಕುದುರೆ ಎಳೆಯಿರಿ, ಅದು ಬೀಳಬಾರದು. .22 ಇದ್ದರೆ ತಯಾರಕರ ಪುಸ್ತಿಕೆ ನೋಡಿ. ಕೆಲವದರಲ್ಲಿ ಖಾಲಿ ಹೊಡೆದರೆ ಫೈರಿಂಗ್ ಪಿನ್ ಚೇಂಬರಿನ ಅಂಚನ್ನೇ ಕುಟ್ಟುತ್ತದೆ, ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ಡಮ್ಮಿ ತೋಟೆ) ಹಾಕಿ. ದಿನಾ ಹತ್ತು ನಿಮಿಷ ಸಾಕು. ಹೌದು, ತೋಟೆಗೆ ದುಡ್ಡು ಸುರಿಯಿರಿ ಎಂದವನೇ ತೋಟೆ ಬೇಡದ ಅಭ್ಯಾಸ ಹೇಳುತ್ತಿದ್ದೇನೆ; ಹೀಗೆ ಮಾಡಿದವರಿಗೆ ಮಾತ್ರ ಆ ತೋಟೆಗಳು ದಂಡವಾಗುವುದಿಲ್ಲ.

ನಿಲುವು, ಉಸಿರು, ರೈಫಲಿನ ಪಟ್ಟಿಯನ್ನು ತೋಳಿಗೆ ಕಟ್ಟುವುದು, ಇವನ್ನು ರೇಂಜಿನಲ್ಲೇ ತೋರಿಸುತ್ತೇನೆ, ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಎರಡೇ ಮಾತು ಉಳಿದಿವೆ. ದೊಡ್ಡ ರೈಫಲಿನ ಸದ್ದು 160 ಡೆಸಿಬೆಲ್ ಆಸುಪಾಸು, ಕಿವಿಗೆ 140 ದಾಟಿದರೇ ಹಾನಿ. ಆದ್ದರಿಂದ ಒಳಗೆ ಪ್ಲಗ್, ಮೇಲೆ ಮಫ್, ಎರಡೂ. ಎರಡನೆಯದು, ಹೊಡೆದಾಗ ‘ಢಮ್’ ಬದಲು ‘ಪುಸ್’ ಎಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಬೋಲ್ಟ್ ಕೈಯಿಂದ ಎಳೆದು ಮುಂದಿನದನ್ನು ಹಾರಿಸಲು ಹೋದರೆ ನಳಿಗೆ ಸೀಳುತ್ತದೆ. ಬೆರಳು ತೆಗೆಯಿರಿ, ನಳಿಗೆ ಗುರಿಯ ಕಡೆಗೇ ಹಿಡಿದಿರಿ, ಕೈ ಎತ್ತಿ, ರೇಂಜ್ ಅಧಿಕಾರಿ ಬರುವವರೆಗೆ ಹಾಗೇ ಇರಿ.

ನಮಸ್ಕಾರ. ನನ್ನ ಸಮಯ ಮುಗಿದಿದೆ, ಸ್ಕೋಪುಗಳ ಬಗ್ಗೆ ಪ್ರಶ್ನೆ ಇರುವವರು ಮುಂದಿನ ಭಾಷಣಕಾರರನ್ನು ಕೇಳಿ, ಅವರಿಗೆ ಅವುಗಳ ಮೇಲೆ ನನಗಿಂತ ಕರುಣೆ ಜಾಸ್ತಿ.