ಹೊಸ ಬ್ರಷ್ಷು, ಹಳೇ ಗಡ್ಡ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಹೊರಟಿರುವುದು ಒಂದು ಶೇವಿಂಗ್ ಬ್ರಷ್ಷಿನ ಬಗ್ಗೆ. ನಗಬೇಡಿ. ಹತ್ತು ದಿನದಿಂದ ನನ್ನ ಬೆಳಗ್ಗೆಯೆಲ್ಲ ಅದರ ಜೊತೆಗೇ ಕಳೆದಿದೆ.

ನನ್ನ ಹತ್ತಿರ ಮೊದಲು ಒಂದು ನೈಲಾನ್ ಬ್ರಷ್ ಇತ್ತು. ಅದರ ವಯಸ್ಸೆಷ್ಟು ಅಂತ ನನಗೂ ಮರೆತುಹೋಗಿತ್ತು. ಎಳೆಗಳೆಲ್ಲ ಒಂದು ಪಕ್ಕಕ್ಕೆ ವಾಲಿದ್ದವು. ನಡುವೆ ಬೋಳು. ನೋಡಿದವರಿಗೆ ಬ್ರಷ್ಷಿಗೇ ಯಾರೋ ಶೇವ್ ಮಾಡಿದ್ದಾರೆ ಅನ್ನಿಸಬೇಕು, ಹಾಗಿತ್ತು. ಕೊನೆಗೆ ಅದನ್ನು ಎಸೆದು ಡಬ್ಬಿ ನೊರೆಗೆ ಬಂದೆ. ಗುಂಡಿ ಒತ್ತಿದರೆ ಬುಸ್ ಅಂತ ಅಂಗೈ ತುಂಬ ನೊರೆ. ಮುಖಕ್ಕೆ ಬಳಿದುಕೊಂಡು ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದೆ. ಆಮೇಲೆ ಕುತ್ತಿಗೆ ಉರಿಯುತ್ತಿತ್ತು. ಗದ್ದದ ಕೆಳಗೆ ಕೆಂಪು ಗುಳ್ಳೆ ಏಳುತ್ತಿದ್ದವು. ನಾನು ಬ್ಲೇಡನ್ನು ಬೈದುಕೊಂಡು ಬೇರೆ ಬ್ಲೇಡ್ ತರುತ್ತಿದ್ದೆ. ಅದನ್ನೂ ಬೈಯುತ್ತಿದ್ದೆ.

ಹೀಗಿರುವಾಗ ಹುಟ್ಟಿದ ದಿನಕ್ಕೆ ಅಂತ ಗೆಳೆಯನೊಬ್ಬ ಒಂದು ಪುಟ್ಟ ಪೆಟ್ಟಿಗೆ ಕೊಟ್ಟ. ಒಳಗೆ ಬ್ಯಾಡ್ಜರ್ ಕೂದಲಿನ ಬ್ರಷ್. ‘ಇನ್ನು ಮೇಲೆ ಆ ಡಬ್ಬಿ ಮುಟ್ಟಬೇಡ’ ಅಂದ.

ಬ್ಯಾಡ್ಜರ್ ಅಂದರೆ ಗಿಡ್ಡ ಕಾಲಿನ, ನೆಲ ತೋಡಿ ಬಿಲದಲ್ಲಿ ಬಾಳುವ, ರಾತ್ರಿ ಹೊತ್ತು ಓಡಾಡುವ ಪ್ರಾಣಿ. ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ. ಫ್ರೆಂಚ್ ಭಾಷೆಯಲ್ಲಿ ಈ ಪ್ರಾಣಿಗೂ ಶೇವಿಂಗ್ ಬ್ರಷ್ಷಿಗೂ ಒಂದೇ ಹೆಸರು, ಬ್ಲೆರೋ. ಇದರ ಕೂದಲನ್ನು ಹತ್ತಿರದಿಂದ ನೋಡಬೇಕು. ಬುಡದಲ್ಲಿ ಮಾಸಲು ಬಿಳಿ, ನಡುವೆ ಕಪ್ಪು, ತುದಿಯಲ್ಲಿ ಮತ್ತೆ ಬಿಳಿ. ನಡುವೆ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಒಳ್ಳೆಯ ಬ್ರಷ್ ಮಾಡುವವರು ಈ ತುದಿಗೆ ಕತ್ತರಿ ಹಾಕುವುದಿಲ್ಲ. ಕೂದಲನ್ನು ತಲೆಕೆಳಗಾಗಿ ಒಂದು ಅಚ್ಚಿನ ಬಟ್ಟಲಿಗೆ ಇಳಿಸಿ, ಗುಂಡಗಿನ ಆಕಾರ ತಂದು, ಬುಡಕ್ಕೆ ದಾರ ಬಿಗಿದು ಅಂಟು ಹಾಕುತ್ತಾರೆ. ಆ ಕುಚ್ಚು ಹಿಡಿಯೊಳಗೆ ಕೂರುತ್ತದೆ. ನನ್ನದು 24 ಮಿಲಿಮೀಟರ್ ದಪ್ಪದ ಕುಚ್ಚು. ಹಿಡಿಯಿಂದ ಮೇಲೆ ಸುಮಾರು 5 ಸೆಂಟಿಮೀಟರ್ ಎತ್ತರ.

ಪೆಟ್ಟಿಗೆಯ ಮೇಲೆ ‘ಬೆಸ್ಟ್’ ಅಂತ ಬರೆದಿತ್ತು. ನನಗೆ ಖುಷಿಯೋ ಖುಷಿ. ಆಮೇಲೆ ಗೊತ್ತಾಯಿತು, ಬೆಸ್ಟ್ ಅಂದರೆ ಇಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಂತಲ್ಲ. ಪ್ಯೂರ್ ಅಂತ ಒರಟು ಕೂದಲು, ಅದರ ಮೇಲೆ ಬೆಸ್ಟ್, ಅದರ ಮೇಲೆ ಸೂಪರ್, ಎಲ್ಲದರ ಮೇಲೆ ಬಿಳಿ ತುದಿಯ ಸಿಲ್ವರ್‌ಟಿಪ್. ಇದಕ್ಕೆಲ್ಲ ಒಂದೇ ಅಳತೆಗೋಲು ಇಲ್ಲ. ಒಬ್ಬರ ಬೆಸ್ಟ್ ಇನ್ನೊಬ್ಬರ ಸೂಪರ್ ಆಗಿರಬಹುದು. ಗೆಳೆಯನಿಗೆ ಈ ವಿಷಯ ಹೇಳಲು ಹೋಗಲಿಲ್ಲ.

ಮೊದಲ ದಿನ ಬ್ರಷ್ಷನ್ನು ಬಿಸಿನೀರಿಗೆ ಅದ್ದಿದೆ ನೋಡಿ, ಬಚ್ಚಲ ತುಂಬ ವಾಸನೆ. ಮಳೆಯಲ್ಲಿ ನೆಂದ ನಾಯಿ ಒಳಗೆ ಬಂದು ಮೈ ಕೊಡವಿದ ಹಾಗೆ. ಎಷ್ಟಾದರೂ ಅದು ಪ್ರಾಣಿಯ ಕೂದಲು. ಹೊಸದರಲ್ಲಿ ಹಾಗೇ ಇರುತ್ತದಂತೆ. ಸ್ವಲ್ಪ ಶಾಂಪೂ ಹಾಕಿ ಎರಡು ಸಲ ತೊಳೆದೆ. ರಾತ್ರಿ ಸೋಪಿನ ನೊರೆ ತುಂಬಿಸಿ ಹಾಗೇ ಇಟ್ಟು ಬೆಳಗ್ಗೆ ತೊಳೆದೆ. ಮೂರು ರಾತ್ರಿ ಹೀಗೆ ಮಾಡಿದ ಮೇಲೆ ವಾಸನೆ ಮೂಗು ಹತ್ತಿರ ತಂದರೆ ಮಾತ್ರ ಸಿಗುವಷ್ಟಾಯಿತು.

ತೊಳೆಯುವುದು ಅಂದಾಗ ಒಂದು ಹಳೇ ಸಂಗತಿ ಹೇಳಬೇಕು. ಮೊದಲ ಮಹಾಯುದ್ಧದ ಕಾಲ. ವಿಷಾನಿಲದ ಮುಖವಾಡ ಸಂದಿಲ್ಲದೆ ಕೂರಬೇಕಾದರೆ ಸೈನಿಕರ ಮುಖ ನುಣ್ಣಗಿರಬೇಕು. ಹಾಗಾಗಿ ಬ್ರಷ್ಷುಗಳು ರಾಶಿ ರಾಶಿ ಬೇಕಾದವು. ಯುದ್ಧದಿಂದಾಗಿ ಬ್ಯಾಡ್ಜರ್ ಕೂದಲು ಸಿಗುವುದು ಕಷ್ಟವಾಯಿತು. ಆಗ ಕುದುರೆ ಕೂದಲಿಗೆ ಬ್ಯಾಡ್ಜರ್ ವೇಷ ಹಾಕಿ ಮಾರಿದರು. ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ದನಕುರಿಗಳನ್ನು ಕೊಲ್ಲುವ ನೆರಡಿ ರೋಗ, ಆಂಥ್ರಾಕ್ಸ್ ಅಂತೀವಲ್ಲ, ಅದರ ರೋಗಾಣು ಬ್ರಷ್ಷಿನಿಂದ ಗಡ್ಡದ ಗೀರಿಗೆ ಇಳಿಯಿತು. ಬ್ರಿಟನ್ ಮತ್ತು ಅಮೆರಿಕದ ಸೈನಿಕರು, ಸಾಮಾನ್ಯ ಜನ ಎಲ್ಲ ಸೇರಿ 200ಕ್ಕೂ ಜಾಸ್ತಿ ಮಂದಿಗೆ ಅಂಟಿತು. ಕೆಲವರು ಸತ್ತೂ ಹೋದರು. ರೋಗಾಣು ಸಿಕ್ಕ ಬ್ರಷ್ಷುಗಳಲ್ಲಿ ಹಲವು ಜಪಾನಿನವು, ಹಾಗಾಗಿ 1920ರಲ್ಲಿ ಬ್ರಿಟನ್ ಅಲ್ಲಿಂದ ಶೇವಿಂಗ್ ಬ್ರಷ್ ತರಿಸುವುದನ್ನೇ ನಿಷೇಧಿಸಿತು. ಈಗ ಕೂದಲನ್ನು ಶುದ್ಧ ಮಾಡಿಯೇ ಕಳಿಸುತ್ತಾರೆ, ಹೆದರಬೇಕಾಗಿಲ್ಲ. ಆದರೂ ಎಲ್ಲಿಂದಲೋ ಸಿಕ್ಕ ನೂರು ವರ್ಷದ ಹಳೇ ಬ್ರಷ್ಷನ್ನು ಚೆಂದ ಇದೆ ಅಂತ ಮುಖಕ್ಕೆ ತಿಕ್ಕಿಕೊಳ್ಳಬೇಡಿ.

ಸರಿ, ಮೊದಲ ಶೇವಿನ ಕಥೆಗೆ ಬರೋಣ. ಅದು ಪೂರ್ತಿ ಎಡವಟ್ಟು. ಬ್ಯಾಡ್ಜರ್ ಕೂದಲು ನೀರನ್ನು ಕುಚ್ಚಿನೊಳಗೆ ಹಿಡಿದಿಟ್ಟುಕೊಳ್ಳುವುದರಲ್ಲಿ ಎತ್ತಿದ ಕೈ. ನನಗೆ ಅದರ ಅಂದಾಜಿರಲಿಲ್ಲ. ನೀರು ಕುಡಿದ ಬ್ರಷ್ಷನ್ನು ಹಾಗೇ ಎತ್ತಿ ಸೋಪಿನ ಮೇಲೆ ಎರಡು ಸುತ್ತು ಆಡಿಸಿ ಕೆನ್ನೆಗೆ ಇಟ್ಟೆ. ನೊರೆ ಬರಲಿಲ್ಲ, ಹೊಳೆ ಬಂತು. ಬಿಳಿ ನೀರು ಕೈಗುಂಟ ಮೊಣಕೈವರೆಗೆ ಇಳಿದು ಅಂಗಿ ಒಳಗೆ ಹೋಯಿತು. ಕೆನ್ನೆ ಮೇಲೆ ನಾಲ್ಕು ಗುಳ್ಳೆ ಪಟ್ ಪಟ್ ಅಂತ ಒಡೆದವು. ಅವತ್ತು ಮತ್ತೆ ಡಬ್ಬಿಯನ್ನೇ ತೆಗೆದೆ.

ಎರಡನೇ ದಿನ ಇನ್ನೊಂದು ತಪ್ಪು. ನೈಲಾನ್ ಬ್ರಷ್ಷಿನ ಅಭ್ಯಾಸ ನೋಡಿ, ಕೂದಲು ಬುಡದವರೆಗೆ ಮಡಿಚುವ ಹಾಗೆ ಒತ್ತಿ ಒತ್ತಿ ತಿಕ್ಕಿದೆ. ಹಾಗೆ ಒತ್ತಿದರೆ ಕೂದಲು ಬುಡದಲ್ಲಿ ಮುರಿಯುತ್ತದೆ. ತುದಿಯಷ್ಟೇ ಕೆಲಸ ಮಾಡಬೇಕು. ಸುತ್ತಿಸುವುದು ಸ್ವಲ್ಪ ಹೊತ್ತು, ಆಮೇಲೆ ಗೋಡೆಗೆ ಬಣ್ಣ ಬಳಿಯುವ ಹಾಗೆ ಆಚೆ ಈಚೆ.

ನಾಲ್ಕನೇ ದಿನಕ್ಕೆ ಕೈ ಕುದುರಿತು. ಬ್ರಷ್ಷನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ನಿಮಿಷ ನೆನೆಸುತ್ತೇನೆ. ಕುದಿಯುವ ನೀರು ಬೇಡ, ಕೂದಲೂ ಹಾಳು, ಒಳಗಿನ ಅಂಟೂ ಹಾಳು. ಎತ್ತಿ ಎರಡು ಸಲ ಕೊಡವುತ್ತೇನೆ. ಸೋಪಿನ ಮೇಲೆ ಅರ್ಧ ನಿಮಿಷ ಬಿಡದೆ ಆಡಿಸುತ್ತೇನೆ. ಮೊದಲು ತುದಿಗೆ ಅಂಟಂಟಾದ ದಪ್ಪ ಮುದ್ದೆ ಹತ್ತುತ್ತದೆ. ಅದನ್ನು ಮುಖಕ್ಕೆ ತಂದು, ತುದಿಯನ್ನಷ್ಟೇ ನೀರಿಗೆ ತಾಗಿಸಿ, ಮತ್ತೆ ಆಡಿಸಿ, ಮತ್ತೆ ತಾಗಿಸಿ. ನೀರು ಗಡಸಾಗಿದ್ದರೆ ಸೋಪು ಇನ್ನೂ ಸ್ವಲ್ಪ ಬೇಕು. ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತದೆ, ನೊರೆಗೆ ಉಳಿಯುವುದು ಕಡಿಮೆ. ಮೂರನೇ ಸಲವೋ ನಾಲ್ಕನೇ ಸಲವೋ ನೀರು ತಾಗಿಸಿದಾಗ ಇದ್ದಕ್ಕಿದ್ದ ಹಾಗೆ ನೊರೆಯ ಸ್ವಭಾವವೇ ಬದಲಾಗುತ್ತದೆ. ಗುಳ್ಳೆ ಕಣ್ಣಿಗೆ ಕಾಣುವುದಿಲ್ಲ. ಬೆಣ್ಣೆಯ ಹಾಗೆ ಹೊಳಪು. ಬ್ರಷ್ ಎತ್ತಿದರೆ ತುದಿಯಲ್ಲಿ ಕೊಕ್ಕೆ ಹಾಗೆ ಬಾಗಿ ನಿಲ್ಲುತ್ತದೆ. ಆ ಗಳಿಗೆಗೋಸ್ಕರವೇ ನಾನೀಗ ಹತ್ತು ನಿಮಿಷ ಬೇಗ ಏಳುವುದು.

ಡಬ್ಬಿಯ ನೊರೆ ಉಬ್ಬುವುದು ಒಳಗಿನ ಗ್ಯಾಸಿನಿಂದ. ನೋಡಲು ಗುಡ್ಡದಷ್ಟು, ನೀರು ಮಾತ್ರ ಅಷ್ಟಕ್ಕಷ್ಟೇ. ಬ್ರಷ್ ಮಾಡುವ ಕೆಲಸ ಬೇರೆ. ಮಲಗಿದ ಗಡ್ಡದ ಕೂದಲನ್ನು ಎಬ್ಬಿಸುತ್ತದೆ. ಒಂದೊಂದು ಕೂದಲಿನ ಬುಡಕ್ಕೂ ನೀರು ತಲುಪಿಸುತ್ತದೆ. ಒಣಗಿದ ಗಡ್ಡ ಗಟ್ಟಿ. ಅದೇ ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಬ್ಲೇಡಿಗೆ ಸಲೀಸಾಗಿ ಸಿಗುತ್ತದೆ. ನಾನು ಇಷ್ಟು ವರ್ಷ ಎರಡು ನಿಮಿಷದಲ್ಲಿ ಎಲ್ಲ ಮುಗಿಸಿ ಬ್ಲೇಡನ್ನು ಬೈಯುತ್ತಿದ್ದೆ. ಹೋದ ವಾರ ಬೈಸಿಕೊಂಡ ಅದೇ ಬ್ಲೇಡನ್ನೇ ಈ ವಾರವೂ ಹಾಕಿದ್ದೇನೆ. ಕುತ್ತಿಗೆ ಉರಿ ಇಲ್ಲ. ಗದ್ದದ ಕೆಳಗೆ ಒಂದೋ ಎರಡೋ ಗುಳ್ಳೆ ಇನ್ನೂ ಇವೆ, ಸುಳ್ಳು ಯಾಕೆ ಹೇಳಲಿ.

ಕೂದಲು ಉದುರುವ ವಿಷಯಕ್ಕೂ ಬರಬೇಕು. ಮೊದಲ ದಿನ ಮುಖದ ಮೇಲೆ ಏಳು ಕೂದಲು ಎಣಿಸಿದೆ. ಎರಡನೇ ದಿನ ನಾಲ್ಕು. ನನ್ನ ತಲೆಯ ಹಾಗೇ ಇದೂ ಆಗಿಬಿಡುತ್ತದಾ ಅಂತ ಗಾಬರಿಯಾಯಿತು. ಕಟ್ಟುವಾಗ ಅಂಟಿಗೆ ಸಿಗದೆ ಉಳಿದ ಕೂದಲು ಮೊದಲ ವಾರ ಹೀಗೆ ಹೊರಗೆ ಬರುತ್ತವೆ. ಎಂಟನೇ ದಿನದಿಂದ ಒಂದೂ ಬಿದ್ದಿಲ್ಲ. ತಿಂಗಳಾದರೂ ಹಿಡಿ ಹಿಡಿಯಾಗಿ ಉದುರುತ್ತಿದ್ದರೆ ಮಾತ್ರ ಕುಚ್ಚೇ ಸರಿಯಿಲ್ಲ ಅಂತ. ಕೆಲಸ ಆದ ಮೇಲೆ ಸೋಪು ಪೂರ್ತಿ ಹೋಗುವವರೆಗೆ ತೊಳೆದು, ಮೆಲ್ಲಗೆ ಹಿಂಡಿ, ಕೊಡವಿ, ಗಾಳಿಯಾಡುವ ಕಡೆ ನಿಲ್ಲಿಸಿದರೆ ಸಾಕು. ಒದ್ದೆ ಇರುವಾಗ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು, ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಮನಸ್ಸಿಗೆ ಚುಚ್ಚುವ ಒಂದು ಮಾತಿದೆ. ಈ ಕೂದಲು ಬಹುಪಾಲು ಬರುವುದು ಚೀನಾದಿಂದ. ಕುರಿಯ ಉಣ್ಣೆ ಕತ್ತರಿಸಿ ಕುರಿಯನ್ನು ಮೇಯಲು ಬಿಟ್ಟ ಹಾಗಲ್ಲ ಇದು. ಪ್ರಾಣಿ ಸತ್ತ ಮೇಲೆ ತೊಗಲಿನಿಂದ ತೆಗೆಯುವ ಕೂದಲು. ಬ್ರಿಟನ್ನಿನಲ್ಲಿ ಬ್ಯಾಡ್ಜರ್‌ಗಳನ್ನು ಕಾಪಾಡಲೆಂದೇ 1992ರ ಒಂದು ಕಾನೂನಿದೆ. ಈ ವಿಷಯ ತಿಳಿದ ಸಂಜೆ ಬ್ರಷ್ಷನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದೆ. ಗೆಳೆಯ ಪ್ರೀತಿಯಿಂದ ಕೊಟ್ಟದ್ದು, ಎಸೆಯಲು ಮನಸ್ಸಿಲ್ಲ. ಎಸೆದರೆ ಆ ಪ್ರಾಣಿ ಎದ್ದು ಬರುವುದೂ ಇಲ್ಲ. ಆದರೆ ನಾನೇ ದುಡ್ಡು ಕೊಟ್ಟು ಇನ್ನೊಂದನ್ನು ತರುವುದಿಲ್ಲ, ಅಷ್ಟು ಗಟ್ಟಿ. ಹಾಗಂತ ನನ್ನ ಹಳೇ ಬೋಳು ನೈಲಾನಿಗೆ ವಾಪಸ್ ಹೋಗಬೇಕಾಗಿಯೂ ಇಲ್ಲ. ಈಗಿನ ಸಿಂಥೆಟಿಕ್ ಕುಚ್ಚುಗಳ ತುದಿ ಮೆತ್ತಗೆ. ವಾಸನೆ ಇಲ್ಲ, ನೆನೆಸುವ ಕಾಯುವಿಕೆ ಇಲ್ಲ, ಬೇಗ ಒಣಗುತ್ತವೆ. ನನ್ನ ಅಣ್ಣನ ಹತ್ತಿರ ಅಂಥದ್ದೊಂದಿದೆ. ಎರವಲು ತಂದು ಒಂದು ದಿನ ಬಳಸಿ ನೋಡಿದೆ. ನೀರು ಹಿಡಿಯುವುದರಲ್ಲಿ ಒಂದು ಕೈ ಕಡಿಮೆ, ನೊರೆ ಕಟ್ಟುವುದರಲ್ಲಿ ಒಂದು ಕೈ ಮೇಲು.

ಗೆಳೆಯ ನಿನ್ನೆ ಫೋನ್ ಮಾಡಿದ್ದ. ‘ಹೇಗಿದೆಯೋ ಬ್ರಷ್ಷು?’ ಅಂತ ಕೇಳಿದ. ‘ಹಿಡಿ ಬಹಳ ಹಿಡಿಸಿತು ಕಣೋ’ ಅಂದೆ. ಮಾತು ನಿಜವೇ. ಕುಚ್ಚು ಸವೆದರೆ ಹಿಡಿಯಿಂದ ಬಿಡಿಸಿ ಅದೇ ಅಳತೆಯ ಬೇರೆ ಕುಚ್ಚು ಅಂಟಿಸಬಹುದು. ಚೆನ್ನಾಗಿ ನೋಡಿಕೊಂಡರೆ ಅದಕ್ಕೆ ಹತ್ತು ವರ್ಷವಾದರೂ ಬೇಕು. ಆಗ ಈ ಹಿಡಿಗೆ ಸಿಂಥೆಟಿಕ್ ಕುಚ್ಚು ಕೂರಿಸುತ್ತೇನೆ. 24 ಮಿಲಿಮೀಟರ್ ಅಂತ ಪೆಟ್ಟಿಗೆಯ ಮುಚ್ಚಳದ ಒಳಗೆ ಈಗಲೇ ಬರೆದಿಟ್ಟಿದ್ದೇನೆ.

ನಮಸ್ಕಾರ.