ಪರೀಕ್ಷೆಗೆ ಬರದ ರೋಗಿ

ನಮಸ್ಕಾರ. ನಿಮ್ಮ ಮನೆಯಲ್ಲಿ ಎಂಬಿಬಿಎಸ್ ಓದುವವರಿದ್ದರೆ ಗಮನಿಸಿ ನೋಡಿ. ಪರೀಕ್ಷೆ ಹತ್ತಿರ ಬಂತು ಅಂದರೆ ಮೊದಲು ಕೈ ಹೋಗುವುದು ಹಳೆಯ ಪ್ರಶ್ನೆಪತ್ರಿಕೆಗಳಿಗೆ. ಪದೇ ಪದೇ ಬಂದದ್ದನ್ನು ಓದುತ್ತಾರೆ. ಬಾರದ್ದನ್ನು ಬಿಡುತ್ತಾರೆ. ಬೈಯಬೇಡಿ, ಓದಲಿಕ್ಕೆ ಇರುವುದೇ ಅಷ್ಟೊಂದು.

ಅದಕ್ಕೇ ನಾನು ಕೇಳುತ್ತಿರುವುದು ಇಷ್ಟು: ಟ್ರಾನ್ಸ್ ಜನರ ಚಿಕಿತ್ಸೆ ಮತ್ತು ಎಚ್‌ಐವಿ ಚಿಕಿತ್ಸೆ, ಇವೆರಡನ್ನೂ ಜೋಡಿಸಿದ ಪ್ರಶ್ನೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬರಲಿ. ಮಾರ್ಕ್ಸ್ ಸಮೇತ. ಡಿಸೆಂಬರ್ 1ರ ಏಡ್ಸ್ ದಿನದಂದು ಜಾಥಾ, ಕೆಂಪು ರಿಬ್ಬನ್, ಒಂದು ಗಂಟೆ ಭಾಷಣ, ಗ್ರೂಪ್ ಫೋಟೊ, ಇಷ್ಟನ್ನೇ ತರಬೇತಿ ಅಂತ ಕರೆಯುವುದನ್ನು ಸಾಕು ಮಾಡೋಣ.

ಒಂದು ಪ್ರಶ್ನೆಯನ್ನು ನಾನೇ ಬರೆದಿದ್ದೇನೆ. ಕೇಳಿ. ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡು ಅಂತ ದಾಖಲಾದವರು), ವಯಸ್ಸು 28, ಎಚ್‌ಐವಿ ಪಾಸಿಟಿವ್. ಹೆಣ್ಣು ಹಾರ್ಮೋನಿಗಾಗಿ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಮೂರು ನಾಲ್ಕು ನುಂಗುತ್ತಿದ್ದಾರೆ. ಹಾರ್ಮೋನು ಕೆಲಸ ಮಾಡುವುದಿಲ್ಲವೇನೋ ಎಂಬ ಹೆದರಿಕೆಯಿಂದ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ಬಿಟ್ಟಿದ್ದಾರೆ. ನೀವೇನು ಮಾಡುತ್ತೀರಿ?

ಇದು ಭಾಷಣದಿಂದ ಬಗೆಹರಿಯುವ ಕೇಸ್ ಅಲ್ಲ. ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಾಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನು. ಅದನ್ನು ಜಾಸ್ತಿ ತೆಗೆದುಕೊಂಡರೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಅದನ್ನು ನಿಲ್ಲಿಸಿ, ದೇಹದಲ್ಲೇ ಇರುವಂಥ ಹಾರ್ಮೋನಾದ ಎಸ್ಟ್ರಾಡಯಾಲ್‌ಗೆ ಬದಲಿಸಬೇಕು ಅನ್ನುವುದು ವೈದ್ಯರಿಗೆ ಗೊತ್ತಿರಬೇಕು. ಜೊತೆಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೆ ಪೊಟ್ಯಾಸಿಯಂ ನೋಡಬೇಕು. ಎಆರ್‌ಟಿಯಲ್ಲಿ ಟೆನೊಫೊವಿರ್ ಅನ್ನುವ ಔಷಧಿ ಇದ್ದರೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮೇಲೂ ಕಣ್ಣಿಡಬೇಕು. ಇನ್ನು ಆಕೆಯ ಹೆದರಿಕೆ. ಈಗ ಸರ್ಕಾರಿ ಎಆರ್‌ಟಿ ಸೆಂಟರ್‌ಗಳಲ್ಲಿ ಮೊದಲ ಹಂತದಲ್ಲಿ ಕೊಡುವ ಡೊಲುಟೆಗ್ರಾವಿರ್ ಇರುವ ಮಾತ್ರೆಗೂ ಎಸ್ಟ್ರಾಡಯಾಲ್‌ಗೂ ಹೇಳಿಕೊಳ್ಳುವಂಥ ಜಗಳವಿಲ್ಲ. ರಿಟೊನಾವಿರ್ ಇರುವ ಎರಡನೇ ಹಂತದ ಚಿಕಿತ್ಸೆಯಲ್ಲಾದರೆ ಹಾರ್ಮೋನಿನ ಮಟ್ಟ ಏರುಪೇರಾಗಬಹುದು. ಈ ಮಾತನ್ನು ಧೈರ್ಯವಾಗಿ ಹೇಳುವ ಒಬ್ಬ ಡಾಕ್ಟರ್ ಸಿಕ್ಕಿದ್ದರೆ ಆಕೆ ಎಚ್‌ಐವಿ ಮಾತ್ರೆ ಬಿಡುತ್ತಲೇ ಇರಲಿಲ್ಲ, ಅಲ್ವಾ? ಹಾರ್ಮೋನು ಮತ್ತು ಎಆರ್‌ಟಿಯನ್ನು ಬೇರೆ ಬೇರೆ ಪಾಠ ಮಾಡಿದರೆ ಸಾಲದು ಅಂತ ನಾನು ಹೇಳುವುದು ಇದಕ್ಕೇ. ಬರುವ ರೋಗಿ ಒಬ್ಬರೇ.

"ಇಂಥ ರೋಗಿಗಳು ಬರುವುದೇ ಕಡಿಮೆ" ಅನ್ನುತ್ತಾರೆ. 2017ರಲ್ಲಿ ನ್ಯಾಕೊ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನಡೆಸಿದ ಸಮೀಕ್ಷೆಯಲ್ಲಿ ಹಿಜಡಾ ಮತ್ತು ಟ್ರಾನ್ಸ್ ಜನರಲ್ಲಿ ಎಚ್‌ಐವಿ ಪ್ರಮಾಣ ಶೇ 3.14 ಇತ್ತು. ಒಟ್ಟು ವಯಸ್ಕರಲ್ಲಿ ಅದು ಶೇ 0.2ರ ಆಸುಪಾಸು. ಅಲ್ಲದೆ, ನಮ್ಮ ಹುಡುಗರು ಅಪರೂಪದ ವಿಲ್ಸನ್ ಕಾಯಿಲೆಯನ್ನು ಬಾಯಿಪಾಠ ಮಾಡುತ್ತಾರೆ. ಅದನ್ನು ಜೀವಮಾನದಲ್ಲಿ ಎಷ್ಟು ಸಲ ನೋಡುತ್ತಾರೆ ಹೇಳಿ!

ಡಾಕ್ಟರರ ಭಯಕ್ಕೂ ಮದ್ದು ತಿಳಿವಳಿಕೆಯೇ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. 72 ಗಂಟೆಯೊಳಗೆ, ಆದಷ್ಟು ಬೇಗ, ಸೋಂಕು ತಡೆಯುವ ಪಿಇಪಿ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಗ್ಲೌಸ್ ಎಲ್ಲ ರೋಗಿಗೂ ಒಂದೇ. ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ 'ಎಚ್‌ಐವಿ' ಅಂತ ದೊಡ್ಡದಾಗಿ ಬರೆದರೆ ಯಾರಿಗೂ ರಕ್ಷಣೆ ಸಿಗುವುದಿಲ್ಲ. ಗುಟ್ಟು ಕಾಪಾಡಬೇಕು, ಭೇದ ಮಾಡಬಾರದು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಹಾಗೆ ನೋಡಿದರೆ ಕಾನೂನಿಗೆ ಬರವಿಲ್ಲ. ಟ್ರಾನ್ಸ್ ಜನರ ಹಕ್ಕನ್ನು ಒಪ್ಪಿದ 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಗಳ ಬಗ್ಗೆ ನಿರ್ದೇಶನ ಕೊಟ್ಟಿತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಕಲಂ ವೈದ್ಯಕೀಯ ಪಠ್ಯಕ್ರಮವನ್ನೇ ಮರುಪರಿಶೀಲಿಸಿ ಅಂದಿತು. ಆಮೇಲೇನಾಯಿತು? 2024ರ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪಠ್ಯಕ್ರಮದಲ್ಲಿ, ಅಪರಾಧ ತನಿಖೆಗೆ ಸಂಬಂಧಿಸಿದ ಫೊರೆನ್ಸಿಕ್ ಭಾಗದಲ್ಲಿ, ಸಲಿಂಗಕಾಮ 'ಅಸಹಜ ಲೈಂಗಿಕ ಅಪರಾಧ'ಗಳ ಸಾಲಿನಲ್ಲಿ ವಾಪಸ್ ಬಂದು ಕುಳಿತಿತ್ತು. ಸುಪ್ರೀಂ ಕೋರ್ಟ್ ಅದು ಅಪರಾಧವಲ್ಲ ಅಂತ ಹೇಳಿ ಆಗಲೇ ಆರು ವರ್ಷವಾಗುತ್ತಾ ಬಂದಿತ್ತು! ವಿರೋಧ ಬಂದ ಮೇಲೆ ಸೆಪ್ಟೆಂಬರ್ 5ಕ್ಕೆ ಹಿಂತೆಗೆದುಕೊಂಡರು. ಹಿಂತೆಗೆದುಕೊಂಡದ್ದು ಸರಿ. ಆದರೆ ಬರೆಯುವಾಗ ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲವೇ?

ಕಲಿಸುವವರು ಯಾರು ಅನ್ನುವುದೂ ಮುಖ್ಯ. ಹೈದರಾಬಾದಿನಲ್ಲಿ 2021ರಲ್ಲಿ ಮಿತ್ರ್ ಕ್ಲಿನಿಕ್ ಶುರುವಾಯಿತು. ಟ್ರಾನ್ಸ್ ಸಮುದಾಯದವರೇ ನಡೆಸುತ್ತಿದ್ದರು. ಹಾರ್ಮೋನು, ಕೌನ್ಸೆಲಿಂಗ್, ಎಚ್‌ಐವಿ ಪರೀಕ್ಷೆ, ಚಿಕಿತ್ಸೆ, ಎಲ್ಲವೂ ಒಂದೇ ಸೂರಿನಡಿ. ಇಂಟರ್ನಿಗಳನ್ನು ಹದಿನೈದು ದಿನ ಕಳಿಸಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿತ್ತೇ? ಅದು ನಿಂತಿದ್ದು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ದುಡ್ಡಿನ ಮೇಲೆ. 2025ರ ಜನವರಿಯಲ್ಲಿ ಆ ದುಡ್ಡು ನಿಂತಿತು, ಕ್ಲಿನಿಕ್ ಬಾಗಿಲು ಹಾಕಿತು.

ನಮ್ಮ ಮೆಡಿಕಲ್ ಕಾಲೇಜುಗಳಿಗೆ ಆ ಕೊರಗಿಲ್ಲ. ಎಆರ್‌ಟಿ ಸೆಂಟರ್ ಇರುವ ಕಾಲೇಜು ಆಸ್ಪತ್ರೆಗಳಿವೆ. ಮೆಡಿಸಿನ್, ಸೈಕಿಯಾಟ್ರಿ, ಸರ್ಜರಿ ಅಕ್ಕಪಕ್ಕದಲ್ಲೇ ಇವೆ. ವಾರಕ್ಕೊಂದು ಮಧ್ಯಾಹ್ನ ಎಲ್ಲರೂ ಸೇರಿ ಒಂದು ಒಪಿಡಿ ನಡೆಸಲಿ. ಸಮುದಾಯದವರನ್ನು ಅಲ್ಲಿಗೆ ಪಾಠ ಹೇಳಲು ಕರೆಸಲಿ. ಆದರೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ಪದ್ಧತಿ ಬೇಡ. ಬೇರೆ ಅತಿಥಿ ಉಪನ್ಯಾಸಕರಿಗೆ ಗಂಟೆಗೆ ಎಷ್ಟು ಕೊಡುತ್ತೀರೋ ಅಷ್ಟನ್ನೇ ಇವರ ಬ್ಯಾಂಕ್ ಖಾತೆಗೂ ಹಾಕಿ.