ಮುಸಲ್ಮಾನರಾದರೂ ಅರಬ್ಬರಾಗದವರು

ಕೇಳುಗರಿಗೆ ನಮಸ್ಕಾರ.

ಇರಾನಿನವರನ್ನು ಅರಬ್ಬರೆಂದು ಕರೆದು ನೋಡಿ, ತಕ್ಷಣ ತಿದ್ದುತ್ತಾರೆ. ಕೆಲವರು ಸಿಡುಕುತ್ತಲೇ ತಿದ್ದುತ್ತಾರೆ. ಆ ಸಿಡುಕಿಗೆ ಹದಿಮೂರು ಶತಮಾನಗಳ ಹಿನ್ನೆಲೆಯಿದೆ.

ಏಳನೆಯ ಶತಮಾನದಲ್ಲಿ ಅರಬ್ ಸೇನೆಗಳು ಸಿರಿಯಾ, ಈಜಿಪ್ಟ್‌ಗಳನ್ನು ಗೆದ್ದಂತೆಯೇ ಇರಾನನ್ನೂ ಗೆದ್ದವು. ಆಗ ಇರಾನನ್ನು ಆಳುತ್ತಿದ್ದ ಸಸಾನಿ ವಂಶದ ಕೊನೆಯ ದೊರೆ ಮೂರನೆಯ ಯಜ್ದಗಿರ್ದ್ 651ರಲ್ಲಿ ಕೊಲೆಯಾದ. ಮುಂದೆ ಈಜಿಪ್ಟಿನ ಮನೆಮಾತಾಗಿದ್ದ ಕಾಪ್ಟಿಕ್ ಭಾಷೆ ಸವೆಯುತ್ತ ಹೋಗಿ ಚರ್ಚಿನ ಪ್ರಾರ್ಥನೆಗೆ ಸೀಮಿತವಾಯಿತು. ಆ ದೇಶ ಅರಬ್ ದೇಶವಾಯಿತು. ಇರಾನ್ ಹಾಗಾಗಲಿಲ್ಲ. ಧರ್ಮ ಬದಲಾಯಿತು, ಲಿಪಿ ಬದಲಾಯಿತು, ಅರಬ್ಬಿ ಪದಗಳು ಧಾರಾಳವಾಗಿ ಬಂದು ಸೇರಿದವು, ಆದರೂ ಜನ ಪರ್ಷಿಯನ್ ಬಿಡಲಿಲ್ಲ. ಪರ್ಷಿಯನ್ ಕವಿ ಫಿರ್ದೌಸಿ ಸುಮಾರು 50,000 ದ್ವಿಪದಿಗಳ ‘ಶಾಹನಾಮೆ’ ಎಂಬ ಮಹಾಕಾವ್ಯವನ್ನು 1010ರಲ್ಲಿ ಮುಗಿಸಿದ. ಕವಿ ಮುಸಲ್ಮಾನ; ಹಾಡಿದ್ದು ಮಾತ್ರ ಇಸ್ಲಾಂಗೂ ಹಿಂದಿನ ಅರಸರನ್ನು, ರುಸ್ತುಮನಂಥ ವೀರರನ್ನು. ಅರಬ್ಬರ ಗೆಲುವಿಗೆ ಬಂದು ಅವನ ಕಥೆ ಮುಗಿದುಬಿಡುತ್ತದೆ.

ಅರಬ್ಬರಲ್ಲಿ ಹೆಚ್ಚಿನವರು ಸುನ್ನಿಗಳು, ಇರಾನಿನ ಬಹುಪಾಲು ಜನ ಇಸ್ಲಾಮಿನ ಇನ್ನೊಂದು ಪಂಥವಾದ ಶಿಯಾಕ್ಕೆ ಸೇರಿದವರು. ಈ ಶಿಯಾ ಪಂಥವೇ ಇರಾನನ್ನು ಬೇರೆಯಾಗಿಸಿತು ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅದು ಅಲ್ಲಿ ರಾಜಧರ್ಮವಾದದ್ದು 1501ರಲ್ಲಿ, ಸಫವಿ ವಂಶದ ಮೊದಲ ದೊರೆ ಶಾ ಇಸ್ಮಾಯಿಲ್ ತಬ್ರೀಜ್‌ನಲ್ಲಿ ಪಟ್ಟಕ್ಕೆ ಬಂದಾಗ. ಇರಾನಿತನ ಅದಕ್ಕೂ ಹಳೆಯದು. ನಮ್ಮ ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು. ಅಷ್ಟು ದೂರದಲ್ಲಿ ಕುಳಿತು ಅವನು ಬರೆಯುತ್ತಿದ್ದ ಪರ್ಷಿಯನ್ ಪತ್ರಗಳು ಗ್ರಂಥವಾಗಿ ಉಳಿದಿವೆ. ಇರಾನಿತನಕ್ಕೆ ಪಂಥದ ಮುದ್ರೆ ಬೀಳುವ ಮುಂಚಿನ ಮನುಷ್ಯ ಅವನು.

ಈ ಬೇರೆತನವನ್ನು ಕಣ್ಣಾರೆ ಕಾಣಬೇಕಾದರೆ ನೌರೋಜ್‌ನ ಮೇಜನ್ನು ನೋಡಬೇಕು. ಮಾರ್ಚ್ 20 ಅಥವಾ 21ರಂದು ಹಗಲಿರುಳು ಸಮವಾಗುವ ಕ್ಷಣಕ್ಕೇ ಹೊಸ ವರ್ಷ. ಅದು ಬೆಳಗಿನ ಜಾವ ಮೂರಕ್ಕೆ ಬಿದ್ದರೂ ಮನೆಮಂದಿ ಎದ್ದು ಮೇಜಿನ ಸುತ್ತ ಕೂರುತ್ತಾರೆ. ಮೇಜಿನ ಮೇಲೆ ಗೋಧಿಯ ಹಸಿರು ಮೊಳಕೆ, ಸೇಬು, ಬೆಳ್ಳುಳ್ಳಿ, ವಿನೆಗರ್, ಕನ್ನಡಿ, ಬಣ್ಣ ಬಳಿದ ಮೊಟ್ಟೆಗಳು, ಎಷ್ಟೋ ಮನೆಗಳಲ್ಲಿ ಗಾಜಿನ ಬೋಗುಣಿಯೊಳಗೆ ಕೆಂಪು ಮೀನು. ಪಕ್ಕದಲ್ಲಿ ಕುರಾನ್. ಅದರ ಜೊತೆಗೇ ಶಿರಾಜಿನ ಕವಿ ಹಾಫಿಜನ ಪದ್ಯಗಳು. ಅದಕ್ಕೆ ಮುಂಚಿನ ಮಂಗಳವಾರ ಸಂಜೆ ಬೀದಿಯಲ್ಲಿ ಬೆಂಕಿ ಹಾಕಿ ಹಾರುತ್ತಾರೆ. ಇದು ಅಗ್ನಿಪೂಜಕರ ಪಳೆಯುಳಿಕೆ ಎಂದು ಕೆಲವು ಧರ್ಮಗುರುಗಳು ಗೊಣಗುತ್ತಲೇ ಇದ್ದಾರೆ, ಜನ ಹಾರುತ್ತಲೇ ಇದ್ದಾರೆ. ಕ್ಯಾಲೆಂಡರಿನಲ್ಲೂ ಇದೇ ಬೆರಕೆ: ವರ್ಷದ ಎಣಿಕೆ ಪ್ರವಾದಿಯವರ ಹಿಜ್ರಾದಿಂದ, ಅಂದರೆ ಅವರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದ ವರ್ಷದಿಂದ, ಲೆಕ್ಕ ಸೌರಮಾನದ್ದು, ಮೆಹ್ರ್, ಆಬಾನ್‌ನಂಥ ತಿಂಗಳ ಹೆಸರುಗಳು ಇಸ್ಲಾಂಗೂ ಹಿಂದೆ ಇರಾನಿನಲ್ಲಿದ್ದ ಜರತುಷ್ಟ್ರ ಧರ್ಮದವು.

ಹಾಗೆಂದು ಇರಾನ್ ಎಂದರೆ ಪರ್ಷಿಯನ್ನರು ಮಾತ್ರ ಎಂದುಕೊಳ್ಳಬೇಡಿ. ಅಜರಿಗಳು, ಕುರ್ದರು, ಲೂರರು, ಬಲೂಚರು, ಅರಬ್ಬರು ಎಲ್ಲರೂ ಅಲ್ಲಿದ್ದಾರೆ. ಶಾ ಇಸ್ಮಾಯಿಲನೇ ಕವಿತೆ ಬರೆದದ್ದು ಹೆಚ್ಚಾಗಿ ತುರ್ಕಿ ನುಡಿಯಲ್ಲಿ! ಸುನ್ನಿಗಳಾದ ಬಲೂಚರಿಗೆ, ಬಹುಪಾಲು ಕುರ್ದರಿಗೆ ಟೆಹರಾನಿನ ಮೇಲೆ ದೂರುಗಳೂ ಇವೆ. ನೌರೋಜ್ ಕೂಡ ಇರಾನೊಂದರ ಸ್ವತ್ತಲ್ಲ. ತಾಜಿಕರೂ ಅಫ್ಘನ್ನರೂ ಅದನ್ನು ಆಚರಿಸುತ್ತಾರೆ.

ಇರಾನಿತನ ಎಂಬುದು ಬರೀ ಕವಿಗಳ ಹೆಮ್ಮೆಯಲ್ಲ ಎಂಬುದು ಗೊತ್ತಾದದ್ದು 1980ರಲ್ಲಿ, ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್, ಅನೇಕ ಅರಬ್ಬರಿರುವ ಇರಾನಿನ ಖುಜೆಸ್ತಾನ ಪ್ರಾಂತ್ಯದ ಮೇಲೆ ದಂಡೆತ್ತಿ ಬಂದಾಗ. ಏಳನೆಯ ಶತಮಾನದಲ್ಲಿ ಅರಬ್ಬರು ಇರಾನಿಯರನ್ನು ಸೋಲಿಸಿದ ಕಾದಿಸಿಯಾ ಕಾಳಗದ ಹೆಸರನ್ನೇ ಅವನು ತನ್ನ ಯುದ್ಧಕ್ಕೂ ಇಟ್ಟ. ಖುಜೆಸ್ತಾನದ ಅರಬ್ಬರು ತನ್ನ ಕಡೆ ಬರುತ್ತಾರೆಂದು ನಂಬಿದ್ದ, ಬಹುತೇಕರು ಬರಲಿಲ್ಲ. ಇರಾಕಿನ ಶಿಯಾಗಳು ತಮ್ಮತ್ತ ತಿರುಗುತ್ತಾರೆಂದು ಟೆಹರಾನ್ ನಂಬಿತ್ತು. ಅವರಲ್ಲೂ ಬಹುತೇಕರು ಇರಾಕಿನ ಸೇನೆಯಲ್ಲೇ ನಿಂತು ಎಂಟು ವರ್ಷ ಇರಾನಿನ ವಿರುದ್ಧ ಹೋರಾಡಿದರು.